ಆ ಜೋಡಿ ಎತ್ತು ಎಲ್ಲಿ ಹೋಯ್ತು?



ನಮ್ಮ ಮೈಸೂರಿನ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ವಯಸ್ಸು ಎಂಬತ್ತು ದಾಟಿದೆ. ಮೊನ್ನೆ ಚುನಾವಣೆಯ ಪಾಠ ನಡೆಯುತ್ತಿತ್ತು. ಆಗ ಅಜ್ಜಿ ಕೇಳಿದರು:

"ಅಲ್ಲಾ ಟೀಚರಮ್ಮ, ನಾನು ಮೊದಲ ಸಲ ಓಟು ಹಾಕಿದ್ದು ಜೋಡಿ ಎತ್ತಿಗೆ. ಇನ್ನೊಂದು ಸಲ ಹೋದರೆ ಎತ್ತೇ ಇಲ್ಲ! ಒಂದು ಕಡೆ ಹಸು-ಕರು. ಇನ್ನೊಂದು ಕಡೆ ಚರಕ ನೂಲೋ ಹೆಂಗಸು. ನಂಗೆ ಓದೋಕೆ ಬರ್ತಿರಲಿಲ್ಲ. ಮಾವ ಒಂದು ಹೇಳಿದ್ರು, ಮೈದುನ ಇನ್ನೊಂದು ಹೇಳಿದ. ಆ ಎತ್ತು ಎಲ್ಲಿ ಹೋಯ್ತು?"

ಒಳ್ಳೆಯ ಪ್ರಶ್ನೆ ಅಲ್ವಾ? ಉತ್ತರ ಹುಡುಕೋಣ ಬನ್ನಿ.

ಒಂದು ಪಕ್ಷ, ಎರಡು ಗುಂಪು

ಜೋಡಿ ಎತ್ತು ಕಾಂಗ್ರೆಸ್ ಪಕ್ಷದ ಗುರುತಾಗಿತ್ತು. 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಹೊಸ ರಾಷ್ಟ್ರಪತಿಯನ್ನು ಆರಿಸಬೇಕಾಯಿತು. ರಾಷ್ಟ್ರಪತಿಗೆ ನಾವು ನೇರವಾಗಿ ಮತ ಹಾಕುವುದಿಲ್ಲ. ನಾವು ಆರಿಸಿದ ಸಂಸದರು ಮತ್ತು ಶಾಸಕರು ಹಾಕುತ್ತಾರೆ.

ಅದಕ್ಕೂ ಮೊದಲು ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನವಾಗಬೇಕು. ಜುಲೈ ತಿಂಗಳಲ್ಲಿ ಕಾಂಗ್ರೆಸ್ ನಾಯಕರು ಬೆಂಗಳೂರಿನಲ್ಲಿ ಸೇರಿದರು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ದೊಡ್ಡ ಸಭೆ ನಡೆಯಿತು. ಆಗ ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಅವರು ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಪ್ರಧಾನಿ ಇಂದಿರಾ ಗಾಂಧಿ.

ನಿಜಲಿಂಗಪ್ಪನವರ ಕಡೆಯವರು ಸಂಜೀವ ರೆಡ್ಡಿ ಆಗಲಿ ಎಂದರು. ಇಂದಿರಾ ಜಗಜೀವನ ರಾಂ ಆಗಲಿ ಎಂದರು. ಪಕ್ಷದ ಮಂಡಳಿ ಮತಕ್ಕೆ ಹಾಕಿತು. ರೆಡ್ಡಿಯವರಿಗೆ ಹೆಚ್ಚು ಮತ ಬಂತು.

ಸೋತ ಮೇಲೆ ಏನಾಯಿತು?

ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಅವರೇ ಸೂಚಕರಾಗಿ ಸಹಿ ಹಾಕಿದರು. ಆದರೆ ಮನಸ್ಸು ಕೂಡಲಿಲ್ಲ. ಅತ್ತ ವಿ.ವಿ. ಗಿರಿ ಯಾವ ಪಕ್ಷವೂ ಇಲ್ಲದೆ ಸ್ವತಂತ್ರವಾಗಿ ನಿಂತರು. ಅವರು ಹಿಂದೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದವರು.

ನಿಜಲಿಂಗಪ್ಪನವರು ರೆಡ್ಡಿಯವರಿಗೆ ಬೆಂಬಲ ಕೇಳಿ ಬೇರೆ ಪಕ್ಷಗಳ ನಾಯಕರ ಜೊತೆ ಮಾತಾಡಿದರು. ಇಂದಿರಾ ಕಡೆಯವರಿಗೆ ಅನುಮಾನ ಬಂತು. "ಆತ್ಮಸಾಕ್ಷಿ ಹೇಳಿದಂತೆ ಮತ ಹಾಕಿ" ಎಂದು ಅವರು ಕರೆ ಕೊಟ್ಟರು. ಆಗಸ್ಟ್ 16ರಂದು ಮತದಾನ ಆಯಿತು. ಗಿರಿ ಗೆದ್ದರು. ಕಾಂಗ್ರೆಸ್ಸಿನ ಅಭ್ಯರ್ಥಿ ಕಾಂಗ್ರೆಸ್ಸಿನವರ ಮತ ಒಡೆದೇ ಸೋತರು.

"ಒಮ್ಮೆ ತೀರ್ಮಾನ ಆದ ಮೇಲೆ ಎಲ್ಲರೂ ನಡೆಸಿಕೊಡಬೇಕು" ಅಂತ ಒಂದು ಗುಂಪು. "ನಮ್ಮನ್ನು ಮೂಲೆಗೆ ತಳ್ಳಿ ಮಾಡಿದ ತೀರ್ಮಾನ ಅದು" ಅಂತ ಇನ್ನೊಂದು ಗುಂಪು. ನವೆಂಬರ್ 12ರಂದು ಇಂದಿರಾ ಅವರನ್ನು ಪಕ್ಷದಿಂದ ತೆಗೆದರು. ಪಕ್ಷ ಎರಡು ಹೋಳಾಯಿತು.

ಜೋಡಿ ಎತ್ತು ನಮ್ಮದು ಅಂತ ಎರಡೂ ಕಡೆಯವರು ಹೇಳಿದರು. 1971ರ ಚುನಾವಣೆಯಲ್ಲಿ ಅದು ಯಾರಿಗೂ ಸಿಗಲಿಲ್ಲ. ಇಂದಿರಾ ಕಡೆಗೆ ಹಸು-ಕರು ಬಂತು. ನಿಜಲಿಂಗಪ್ಪನವರ ಕಡೆಗೆ ಚರಕ ನೂಲುವ ಮಹಿಳೆ ಬಂತು. ಅಜ್ಜಿಯ ಎತ್ತು ಕಾಣೆಯಾದದ್ದು ಹೀಗೆ!

ನಮ್ಮ ರಾಜ್ಯದಲ್ಲಿ

ಇಲ್ಲೂ ಮನೆ ಒಡೆಯಿತು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ನಿಂತರು. ನಮ್ಮ ಹುಣಸೂರು ಕಡೆಯ ದೇವರಾಜ ಅರಸು ಇಂದಿರಾ ಜೊತೆ ಹೋದರು. 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಹಸು-ಕರುವಿಗೆ ಬಂದವು. 1972ರ ವಿಧಾನಸಭೆ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನ ಅವರಿಗೇ ಬಂತು. ಅರಸು ಮುಖ್ಯಮಂತ್ರಿಯಾದರು.

ಮುಂದಿನ ಕಥೆ ಕೇಳಿ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿ ಲೋಕಸಭೆಗೆ ನಿಂತರು. ಅವರ ಎದುರು ನಿಂತು ಸೋತವರು ಇದೇ ವೀರೇಂದ್ರ ಪಾಟೀಲರು. ಆಮೇಲೆ ಪಾಟೀಲರು ಇಂದಿರಾ ಪಕ್ಷಕ್ಕೇ ಬಂದರು. 1989ರಲ್ಲಿ ಅದೇ ಕಾಂಗ್ರೆಸ್ಸಿನಿಂದ ಮತ್ತೆ ಮುಖ್ಯಮಂತ್ರಿಯಾದರು. ಅರಸು ಅವರು 1979ರಲ್ಲೇ ಇಂದಿರಾ ಅವರಿಂದ ದೂರವಾಗಿದ್ದರು!

ಇದನ್ನು ಕೇಳಿ ಅಜ್ಜಿ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: "ದೊಡ್ಡೋರು ಕೂಡ್ಕೊಂಡ್ರು. ನಮ್ಮ ಮಾವ, ಮೈದುನ ಮಾತು ಬಿಟ್ಟವರು ಬಿಟ್ಟೇಬಿಟ್ರು. ಒಂದೇ ಮನೇಲಿ ಎರಡು ಒಲೆ ಆಯ್ತು. ಎರಡಕ್ಕೂ ನೀರು ಹೊತ್ತವಳು ನಾನು."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲೂ ಹಾಗೇ ಆಯಿತು.

ಕೂಡಿದ್ದೂ ಉಂಟು

ಸ್ಪರ್ಧೆ ನಡೆದ ಕಡೆಯೆಲ್ಲ ಮನೆ ಒಡೆಯಬೇಕಿಲ್ಲ. ಅಮೆರಿಕ ದೇಶದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದಕ್ಕೂ ಜನ ಮತ ಹಾಕುತ್ತಾರೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮಾ ನಡುವೆ ತಿಂಗಳುಗಟ್ಟಲೆ ಪೈಪೋಟಿ ನಡೆಯಿತು. ಹಿಲರಿ ಸೋತರು. ಅವರ ಬೆಂಬಲಿಗರಲ್ಲಿ ಅನೇಕ ಹೆಂಗಸರು ಬಹಳ ನೊಂದುಕೊಂಡರು. ಆದರೂ ಹಿಲರಿ ತಾವೇ ಮುಂದೆ ನಿಂತು ಒಬಾಮಾಗೆ ಮತ ಕೇಳಿದರು. ಗೆದ್ದ ಒಬಾಮಾ 2009ರಲ್ಲಿ ಅವರನ್ನು ವಿದೇಶಾಂಗ ಮಂತ್ರಿ ಮಾಡಿದರು. ಸೋತವರು ಕೈ ಕೊಟ್ಟರು. ಗೆದ್ದವರು ಆ ಕೈ ಹಿಡಿದುಕೊಂಡರು.

ನಮ್ಮ ಸಂಘದಲ್ಲಿ

ಇದು ದೊಡ್ಡವರ ಮಾತು ಅಂತ ಸುಮ್ಮನಿರಬೇಡಿ. ನಮ್ಮ ಮಹಿಳಾ ಸಂಘದಲ್ಲೂ ಅಧ್ಯಕ್ಷೆಯ ಆಯ್ಕೆ ನಡೆಯುತ್ತದೆ. ಇಬ್ಬರು ನಿಲ್ಲುತ್ತಾರೆ. ಒಬ್ಬರು ಸೋಲುತ್ತಾರೆ. ಅವರ ಕಡೆಯವರು ವಾರದ ಸಭೆಗೆ ಬರುವುದು ಬಿಟ್ಟರೆ ಏನಾಗುತ್ತದೆ? ಉಳಿತಾಯ ನಿಲ್ಲುತ್ತದೆ. ಸಾಲ ಸಿಗುವುದಿಲ್ಲ. ಕಷ್ಟ ಯಾರಿಗೆ? ನಮಗೇ.

ಅದಕ್ಕೆ ಹೀಗೆ ಮಾಡೋಣ:

ಆಯ್ಕೆ ಹೇಗೆ ನಡೆಯಬೇಕು ಅಂತ ಮೊದಲೇ ಎಲ್ಲರೂ ಕೂತು ಬರೆದಿಡೋಣ.

ಚೀಟಿಯಲ್ಲಿ ಗುಟ್ಟಾಗಿ ಮತ ಹಾಕೋಣ. ಎಲ್ಲರ ಎದುರು ಎಣಿಸೋಣ.

ಗೆದ್ದವರು ಸೋತವರ ಮನೆಗೆ ಮೊದಲು ಹೋಗಲಿ. ಅವರಿಗೂ ಜವಾಬ್ದಾರಿ ಕೊಡಲಿ.

ಸೋತವರು ತಪ್ಪು ಕಂಡರೆ ಸಭೆಯಲ್ಲೇ ಕೇಳಲಿ. ಸಂಘ ಬಿಡೋದು ಬೇಡ.

ಕೂಡಿ ಬಾಳೋದು ಅಂದರೆ ಬಾಯಿ ಮುಚ್ಚಿಕೊಂಡಿರೋದು ಅಲ್ಲ. ನಿಮ್ಮ ಮತ ನಿಮ್ಮದೇ. ಅತ್ತೆ ಒಬ್ಬರಿಗೆ, ಸೊಸೆ ಇನ್ನೊಬ್ಬರಿಗೆ ಹಾಕಬಹುದು. ಆದರೂ ಒಲೆ ಒಂದೇ ಇರಲಿ.

ಅಜ್ಜಿ ಈಗ ಅಭ್ಯರ್ಥಿಯ ಹೆಸರು ಓದಬಲ್ಲರು. ಗುರುತು ಬದಲಾದರೂ ಯಾರನ್ನೂ ಕೇಳಬೇಕಾಗಿಲ್ಲ.

ಓದಿ, ಚರ್ಚಿಸಿ

1. ಜೋಡಿ ಎತ್ತಿನ ಗುರುತು ಯಾಕೆ ಹೋಯಿತು?

2. 1969ರಲ್ಲಿ ಪಕ್ಷ ಒಡೆಯದಂತೆ ಎರಡೂ ಕಡೆಯವರು ಏನು ಮಾಡಬಹುದಿತ್ತು?

3. ನಿಮ್ಮ ಸಂಘದಲ್ಲಿ ಸೋತವರನ್ನು ಹೇಗೆ ಜೊತೆಗೆ ಕರೆದುಕೊಳ್ಳುತ್ತೀರಿ?