ಮನೆಯ ಮಾಡು ಬದಲಿಸಲು ಎಷ್ಟು ಹಣ ಬೇಕು?

ಕಾಸರಗೋಡಿನ ಕಡೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಆ ನೀರನ್ನೆಲ್ಲ ತಲೆಯ ಮೇಲೆ ತಡೆದು ನಮ್ಮನ್ನು ಕಾಪಾಡುವುದು ಮನೆಯ ಮಾಡು. ಆದರೆ ಸೋರುವ ತನಕ ಅದರ ನೆನಪು ಯಾರಿಗೂ ಬರುವುದಿಲ್ಲ. ಸೋರತೊಡಗಿದ ಮೇಲೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಎಷ್ಟು ಖರ್ಚಾದೀತು?" ಎಂಬುದು. ಈ ಪ್ರಶ್ನೆಗೆ ಉತ್ತರ ಆಚಾರಿಯ ಬಾಯಿಯಿಂದಲೇ ಬರಬೇಕೆಂದಿಲ್ಲ. ಶಾಲೆಯಲ್ಲಿ ಕಲಿತ ಗಣಿತದಿಂದ ಯಾವ ವಿದ್ಯಾರ್ಥಿಯಾದರೂ ಅದನ್ನು ಸುಮಾರಾಗಿ ಲೆಕ್ಕಹಾಕಬಹುದು.

ಇದನ್ನು ನಾನು ತಡವಾಗಿ ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಚಾವಡಿಯಲ್ಲಿ ಎರಡು ಕಡೆ ನೀರು ಸುರಿಯತೊಡಗಿತು. ಒಬ್ಬ ಗುತ್ತಿಗೆದಾರರು ಬಂದು, ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿ, "ಒಟ್ಟು ಒಂದು ಲಕ್ಷದ ಅರುವತ್ತು ಸಾವಿರ, ಎಲ್ಲ ಸೇರಿ" ಎಂದರು. ಕಾಗದವಿಲ್ಲ, ಅಳತೆಯಿಲ್ಲ. ಅರ್ಧ ಹಣ ಮುಂಗಡ ಕೊಟ್ಟೆವು. ಅವರು ಕೆಲಸಕ್ಕೆ ಕೈಹಾಕಿದ್ದು ಪತ್ತನಾಜೆ ಕಳೆದ ಮೇಲೆ. ಇಡೀ ಮಾಡಿನ ಹಂಚು ಕೆಳಗಿಳಿಸಿದ ಸಂಜೆ, "ಮೇಷ್ಟ್ರೇ, ಪಕ್ಕಾಸೆಲ್ಲ ಒರಲೆ ತಿಂದಿದೆ, ಇನ್ನೂ ಒಂದು ಲಕ್ಷ ಬೇಕು" ಎಂದರು. ಮೂರನೆಯ ದಿನ ಮಳೆ ಬಂತು. ಟಾರ್ಪಾಲಿನ ಕೆಳಗೆ ನನ್ನ ತಾಯಿಯ ಮಂಚವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆಯುತ್ತ ರಾತ್ರಿ ಕಳೆದೆವು. ತೆರೆದ ಮಾಡಿನ ಕೆಳಗೆ ನಿಂತವನು ಚೌಕಾಸಿ ಮಾಡಲಾರ. ಕೇಳಿದಷ್ಟು ಕೊಟ್ಟೆವು, ಅದಕ್ಕಾಗಿ ಮನೆಯಾಕೆಯ ಬಳೆಗಳು ಬ್ಯಾಂಕು ಸೇರಿದವು. ಮಕ್ಕಳಿಗೆ ಪೈಥಾಗೊರಸನ ಪ್ರಮೇಯ ಕಲಿಸುವ ನಾನು ನನ್ನ ಮನೆಯ ಮಾಡನ್ನು ಒಮ್ಮೆಯೂ ಅಳೆದಿರಲಿಲ್ಲ. ನಮ್ಮ ವಿದ್ಯಾರ್ಥಿಗಳ ಮನೆಗಳಿಗೆ ಆ ಗತಿ ಬಾರದಿರಲೆಂದು ಈ ಲೇಖನ.

ಮೊದಲು ಮಾಡಿನ ಅಂಗಾಂಗಗಳನ್ನು ತಿಳಿಯೋಣ. ಹಿಂದೆ ನಮ್ಮ ಕಡೆ ಮುಳಿಹುಲ್ಲಿನ ಅಥವಾ ಮಡಲಿನ ಮಾಡುಗಳಿದ್ದವು. ಅವನ್ನು ಮತ್ತೆ ಮತ್ತೆ ಹೊದೆಸಬೇಕಾಗಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದನ್ನು ಆರಂಭಿಸಿದವರು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ. ಅಂದಿನಿಂದ ಈ ಕೆಂಪು ಹಂಚಿಗೆ ಮಂಗಳೂರು ಹಂಚೆಂದೇ ಹೆಸರು ಬಂತು. ಹಳೆಯ ಹಂಚೊಂದನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದನ್ನು ಇಂದಿಗೂ ಕಾಣಬಹುದು.

ಹಂಚು ಕೂತಿರುವುದು ಅಡ್ಡಡ್ಡವಾಗಿ ಬಡಿದ ರೀಪುಗಳ ಮೇಲೆ. ರೀಪುಗಳನ್ನು ಹೊತ್ತಿರುವುದು ನೆತ್ತಿಯಿಂದ ಸೂರಿನವರೆಗೆ ಇಳಿಯುವ ಪಕ್ಕಾಸುಗಳು. ಪಕ್ಕಾಸಿನ ಮೇಲ್ತುದಿ ನೆತ್ತಿಯ ತೊಲೆಗೂ ಕೆಳಭಾಗ ಗೋಡೆಯ ಮೇಲಿನ ಅಡ್ಡಮರಕ್ಕೂ ಆತುಕೊಂಡಿರುತ್ತದೆ. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳಿಕೆಯದು ಹಂಚು. ಚೆನ್ನಾಗಿ ಸುಟ್ಟ ಹಂಚು ಎರಡು ಮೂರು ತಲೆಮಾರು ಬಾಳುತ್ತದೆ. ಮೊದಲು ಕೆಡುವುದು ತೆಳ್ಳಗಿನ ರೀಪು. ರೀಪು ಬಾಗಿದರೆ ಹಂಚು ಜಾರುತ್ತದೆ, ಜಾರಿದ ಸಂದಿಯಿಂದ ನೀರು ಇಳಿಯುತ್ತದೆ, ನೀರು ಕುಡಿದ ಪಕ್ಕಾಸಿಗೆ ಒರಲೆ ಹತ್ತುತ್ತದೆ. ಆದುದರಿಂದ ಮಾಡು ಸೋರಿದ ಕೂಡಲೇ ಹಂಚು ಹಳತಾಯಿತೆಂದು ತೀರ್ಮಾನಿಸಬಾರದು. ಅಟ್ಟಕ್ಕೆ ಹತ್ತಿ, ಚೂರಿಯ ತುದಿಯಿಂದ ಒಂದೊಂದು ಪಕ್ಕಾಸನ್ನೂ ತಿವಿದು ನೋಡಬೇಕು. ತುದಿ ಸಲೀಸಾಗಿ ಒಳಗೆ ಹೋದರೆ ಆ ಮರ ಹೋಯಿತೆಂದೇ ಅರ್ಥ. ಅಂಥವಕ್ಕೆ ಸುಣ್ಣದಲ್ಲಿ ಗುರುತು ಹಾಕಿರಿ. ಈ ಒಂದು ಕೆಲಸವನ್ನು ನಾನು ಮೊದಲೇ ಮಾಡಿದ್ದರೆ ಆ ಸಂಜೆಯ ಮಾತು ನನ್ನನ್ನು ಬೆಚ್ಚಿಬೀಳಿಸುತ್ತಿರಲಿಲ್ಲ.

ಇನ್ನು ಅಳತೆ. ಮಾಡು ಇಳಿಜಾರಾಗಿರುವುದರಿಂದ ಅದರ ವಿಸ್ತೀರ್ಣ ನೆಲದ ವಿಸ್ತೀರ್ಣಕ್ಕಿಂತ ಹೆಚ್ಚು. ಒಂದು ಉದಾಹರಣೆ ನೋಡೋಣ. ಮನೆಯ ಉದ್ದ, ಸೂರು ಸೇರಿ, 40 ಅಡಿ. ಅಗಲ, ಎರಡು ಕಡೆಯ ಸೂರು ಸೇರಿ, 30 ಅಡಿ. ಮಾಡಿನ ನೆತ್ತಿ ಸೂರಿನ ಮಟ್ಟದಿಂದ 8 ಅಡಿ ಎತ್ತರದಲ್ಲಿದೆ. ಅರ್ಧ ಅಗಲ 15 ಅಡಿ. 15ರ ವರ್ಗ 225, 8ರ ವರ್ಗ 64, ಕೂಡಿದರೆ 289. ಅದರ ವರ್ಗಮೂಲ 17. ಹೀಗೆ ಮಾಡಿಗೆ ಹತ್ತದೆಯೇ ಪಕ್ಕಾಸಿನ ಉದ್ದ 17 ಅಡಿಯೆಂದು ತಿಳಿಯಿತು. ಎರಡು ಇಳಿಜಾರುಗಳ ಒಟ್ಟು ವಿಸ್ತೀರ್ಣ 17 × 40 × 2 = 1,360 ಚದರ ಅಡಿ. ನೆಲದ ಲೆಕ್ಕ ಹಿಡಿದಿದ್ದರೆ 1,200 ಮಾತ್ರ ಬರುತ್ತಿತ್ತು. 160 ಚದರ ಅಡಿಯ ಆ ವ್ಯತ್ಯಾಸವೇ ಕೊನೆಗೆ "ಲೆಕ್ಕ ತಪ್ಪಿತು" ಎಂಬ ಮಾತಿಗೆ ದಾರಿಯಾಗುತ್ತದೆ.

ನೂರು ಚದರ ಅಡಿಗೆ ಸುಮಾರು 150 ಹಂಚು ಬೇಕು. ಹಾಗಾದರೆ 1,360ಕ್ಕೆ 2,040. ಒಡೆಯುವುದಕ್ಕೆಂದು ನೂರು ಹೆಚ್ಚು ಸೇರಿಸಿ 2,140 ಎನ್ನೋಣ. ಪಕ್ಕಾಸುಗಳನ್ನು ಎರಡೆರಡು ಅಡಿಗೆ ಒಂದರಂತೆ ಇಟ್ಟರೆ ಒಂದು ಕಡೆಗೆ 21, ಎರಡು ಕಡೆಗೆ 42. ಒಟ್ಟು ಉದ್ದ 714 ಅಡಿ. ನಾಲ್ಕು ಅಂಗುಲಕ್ಕೆ ಎರಡು ಅಂಗುಲದ ಪಕ್ಕಾಸಾದರೆ ಸುಮಾರು 40 ಘನ ಅಡಿ ಮರ. ರೀಪಿನಿಂದ ರೀಪಿಗೆ ಸುಮಾರು ಹನ್ನೆರಡೂವರೆ ಅಂಗುಲ ಅಂತರ. ಹಾಗೆ ಒಂದು ಇಳಿಜಾರಿಗೆ 18 ಸಾಲು, ಎರಡಕ್ಕೂ ಸೇರಿ 1,440 ಅಡಿ ಉದ್ದ. ಎರಡು ಅಂಗುಲಕ್ಕೆ ಮುಕ್ಕಾಲು ಅಂಗುಲದ ರೀಪಾದರೆ 15 ಘನ ಅಡಿ. ಮರ ಒಟ್ಟು 55 ಘನ ಅಡಿ. ನೆತ್ತಿಯ ತೊಲೆ ಮತ್ತು ಗೋಡೆಯ ಅಡ್ಡಮರಗಳು ಗಟ್ಟಿಯಾಗಿವೆ ಎಂದು ಇಟ್ಟುಕೊಳ್ಳೋಣ.

ಈಗ ದರ. ದರ ಊರಿನಿಂದ ಊರಿಗೆ, ಮರದಿಂದ ಮರಕ್ಕೆ ಬೇರೆ. ತೇಗಕ್ಕೆ ಒಂದು ಬೆಲೆ, ಕಾಡುಮರಕ್ಕೆ ಇನ್ನೊಂದು, ತೆಂಗಿನದಕ್ಕೆ ಮತ್ತೊಂದು. ಲೆಕ್ಕದ ಕ್ರಮ ತೋರಿಸಲು ಮಾತ್ರ ನಾನು ಇಲ್ಲಿ ಕೆಲವು ದರಗಳನ್ನು ಹಿಡಿದಿದ್ದೇನೆ. ನೀವು ನಿಮ್ಮ ಊರಿನ ದರಗಳನ್ನು ವಿಚಾರಿಸಿ ಅಲ್ಲಿ ಹಾಕಿಕೊಳ್ಳಬೇಕು.

ಹೊಸ ಹಂಚು 2,140, ಒಂದಕ್ಕೆ 40 ರೂ.ನಂತೆ: 85,600 ರೂ.
ನೆತ್ತಿಗೆ ಕವುಚುವ ಹಂಚು 35, ಒಂದಕ್ಕೆ 60 ರೂ.ನಂತೆ: 2,100 ರೂ.
ಮರ 55 ಘನ ಅಡಿ, ಒಂದಕ್ಕೆ 1,400 ರೂ.ನಂತೆ: 77,000 ರೂ.
ಆಚಾರಿಗಳು 3 ಮಂದಿ 8 ದಿನ, ದಿನಕ್ಕೆ 1,200 ರೂ.ನಂತೆ: 28,800 ರೂ.
ಸಹಾಯಕರು 4 ಮಂದಿ 8 ದಿನ, ದಿನಕ್ಕೆ 900 ರೂ.ನಂತೆ: 28,800 ರೂ.
ಮೊಳೆ, ಮರಕ್ಕೆ ಬಳಿಯುವ ಎಣ್ಣೆ, ಸಿಮೆಂಟು, ಟಾರ್ಪಾಲು, ಲಾರಿ ಬಾಡಿಗೆ: 20,000 ರೂ.
ಒಟ್ಟು: 2,42,300 ರೂ.

ಇದರ ಮೇಲೆ ನೂರಕ್ಕೆ ಹತ್ತರಂತೆ, ಎಂದರೆ 24,230 ರೂ., ಕೈಯಲ್ಲಿ ಬೇರೆಯಾಗಿ ಇರಬೇಕು. ಹಳೆಯ ಮನೆಯ ಮಾಡು ತೆರೆದಾಗ ಕಾಣದಿದ್ದುದು ಕಂಡೇ ಕಾಣುತ್ತದೆ. ಅಂತೂ ಒಟ್ಟು 2,66,530 ರೂ. ಮಾಡಿನ ಒಂದು ಚದರ ಅಡಿಗೆ ಸುಮಾರು 196 ರೂ. ಬಿತ್ತು.

ಆದರೆ ಎಲ್ಲವನ್ನೂ ಹೊಸತು ಮಾಡಬೇಕೆಂದೇನೂ ಇಲ್ಲ. ಹಂಚುಗಳನ್ನು ಜೋಪಾನವಾಗಿ ಇಳಿಸಿ, ಪಾಚಿ ತೊಳೆದು, ಬೆರಳ ಗೆಣ್ಣಿನಿಂದ ಒಂದೊಂದನ್ನು ತಟ್ಟಿ ನೋಡಿರಿ. ಕಂಚಿನಂತೆ ಸ್ವರ ಬಂದರೆ ಹಂಚು ಗಟ್ಟಿ, ಮಂಕು ಸದ್ದಾದರೆ ಒಳಗೆ ಬಿರುಕಿದೆ. ಐದರಲ್ಲಿ ನಾಲ್ಕು ಪಾಲು ಉಳಿಯಿತೆನ್ನಿ. ಆಗ ಹೊಸತಾಗಿ ಕೊಳ್ಳಬೇಕಾದದ್ದು 508 ಹಂಚು, ಬೆಲೆ 20,320 ರೂ. ರೀಪನ್ನೆಲ್ಲ ಬದಲಿಸಿ, ಪಕ್ಕಾಸಿನಲ್ಲಿ ಅರ್ಧ ಮಾತ್ರ ಬದಲಿಸಿದರೆ ಮರ 35 ಘನ ಅಡಿ, ಬೆಲೆ 49,000 ರೂ. ಹಂಚು ತೊಳೆಯಲು ಆರು ಆಳು, 5,400 ರೂ. ಉಳಿದ ಬಾಬುಗಳು ಮೊದಲಿನಂತೆಯೇ. ಈ ಲೆಕ್ಕದಲ್ಲಿ ಒಟ್ಟು 1,54,420 ರೂ. ಬರುತ್ತದೆ. ಅದೇ ಮನೆ, ಅದೇ ಮಾಡು. ವ್ಯತ್ಯಾಸ 87,880 ರೂ. ಚೂರಿಯಿಂದ ತಿವಿದು, ಗೆಣ್ಣಿನಿಂದ ತಟ್ಟಿ ನೋಡುವುದರ ಬೆಲೆ ಇಷ್ಟು!

ಹೊಸ ಹಂಚು ಕೊಳ್ಳುವಾಗಲೂ ಒಂದು ಪರೀಕ್ಷೆಯಿದೆ. ಒಣಗಿದ ಹಂಚೊಂದನ್ನು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿರಿ. ತೂಕ ಐದರಲ್ಲೊಂದು ಪಾಲಿಗಿಂತ ಹೆಚ್ಚು ಏರಿದರೆ ಆ ಹಂಚು ಬೇಡ. ಎರಡೂವರೆ ಕಿಲೋದ ಹಂಚು ಅರ್ಧ ಕಿಲೋ ನೀರು ಕುಡಿದರೆ 2,040 ಹಂಚಿಗೆ ಒಂದು ಟನ್ನಿನಷ್ಟು ಭಾರ ಹೆಚ್ಚುತ್ತದೆ. ಅದನ್ನು ಮಳೆಗಾಲವಿಡೀ ಹೊರಬೇಕಾದದ್ದು ಪಕ್ಕಾಸುಗಳೇ.

ಈಗ ಅನೇಕರು ಮರದ ಬದಲು ಕಬ್ಬಿಣದ ಪೈಪಿನ ಚೌಕಟ್ಟು ಹಾಕಿಸಿ, ಅದರ ಮೇಲೆ ಹಳೆಯ ಹಂಚನ್ನೇ ಹೊದೆಸುತ್ತಾರೆ. ಒರಲೆಯ ಭಯವಿಲ್ಲ. ಆದರೆ ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪೈಪಿನ ದಪ್ಪವೆಷ್ಟು, ಒಟ್ಟು ತೂಕವೆಷ್ಟು ಎಂದು ಬರೆಸಿಕೊಳ್ಳಬೇಕು. ತೆಳ್ಳಗಿನ ಪೈಪಿನಿಂದ ದರ ಇಳಿಸುವವರಿದ್ದಾರೆ. ತಗಡಿನ ಶೀಟು ಹಗುರ, ಬೇಗ ಮುಗಿಯುತ್ತದೆ. ಆದರೆ ಬೇಸಗೆಯ ಮಧ್ಯಾಹ್ನ ಕೆಳಗೆ ಕೂರಲಾಗದು, ಜಡಿಮಳೆಯಲ್ಲಿ ಪಾಠ ಓದಿದರೆ ಕಿವಿಗೆ ಬೀಳದು. ಹಳೆಯ ಆಸ್‌ಬೆಸ್ಟಾಸ್ ಶೀಟಿದ್ದರೆ ಅದನ್ನು ಒಡೆಯಬಾರದು, ಕೊರೆಯಬಾರದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರಿಗೂ ಕಾರಣವಾಗುತ್ತದೆ. ಅದರ ಮೇಲೆ ಕಾಲಿಡುವುದೂ ಅಪಾಯ. ತಿಳಿದವರಿಂದ ನೀರು ಚಿಮುಕಿಸಿ, ಇಡಿಯಾಗಿಯೇ ಇಳಿಸಬೇಕು.

ಹೆತ್ತವರು ನೆನಪಿಡಬೇಕಾದ ಮಾತುಗಳು ಕೆಲವಿವೆ. ಕನಿಷ್ಠ ಮೂವರಿಂದ ಅಂದಾಜು ಕೇಳಿರಿ. ಒಟ್ಟು ಮೊತ್ತವಲ್ಲ, ಹಂಚು, ಮರ, ಕೂಲಿ ಎಂದು ಬೇರೆ ಬೇರೆಯಾಗಿ ಬರೆಸಿರಿ. ಹೆಚ್ಚುವರಿ ಮರ ಬೇಕಾದರೆ ಘನ ಅಡಿಗೆ ಎಷ್ಟೆಂದು ಮೊದಲೇ ಗೊತ್ತುಮಾಡಿರಿ. ಇಳಿಸಿದ ಹಳೆಯ ಹಂಚು, ಮರ ಯಾರಿಗೆ ಸೇರಿದ್ದು ಎಂಬುದೂ ಕಾಗದದಲ್ಲಿರಲಿ. ಆ ಕಾಗದ ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ, ಅರ್ಥ ತಿಳಿದೇ ಸಹಿ ಮಾಡಿರಿ. ಮುಂಗಡವನ್ನು ಸಾಮಾನು ಅಂಗಳಕ್ಕೆ ಬಂದ ಹಾಗೆ ಕೊಡಿರಿ. ಕೊನೆಯ ಕಂತನ್ನು ಒಂದು ಒಳ್ಳೆಯ ಮಳೆ ಬಂದು ಹೋದ ಮೇಲೆ ಕೊಡುವ ಒಪ್ಪಂದವಿರಲಿ. ಮಾಡನ್ನು ಒಮ್ಮೆಗೇ ತೆರೆಯಗೊಡದೆ ಒಂದು ಪಾರ್ಶ್ವ ಮುಗಿದ ಮೇಲೆ ಇನ್ನೊಂದನ್ನು ತೆರೆಯಿಸಿರಿ. ಕೆಲಸ ಜನವರಿಯಿಂದ ಏಪ್ರಿಲಿನೊಳಗೆ ಮುಗಿಯಲಿ, ಪತ್ತನಾಜೆಯ ತನಕ ತಳ್ಳಬೇಡಿರಿ. ಕೆಲಸಗಾರರು ಹತ್ತುವ ಮೊದಲು ಕರೆಂಟಿನ ಸರ್ವಿಸ್ ತಂತಿ ಎಲ್ಲಿದೆಯೆಂದು ತೋರಿಸಿರಿ. ಕೈಯಲ್ಲಿ ಹಣವಿಲ್ಲದವರು ಸಾಲಕ್ಕೆ ಓಡುವ ಮೊದಲು ಮನೆ ದುರಸ್ತಿಗೆ ಸಹಾಯಧನ ಇದೆಯೇ ಎಂದು ಗ್ರಾಮಸಭೆಯಲ್ಲಿ, ಪಂಚಾಯತು ಕಚೇರಿಯಲ್ಲಿ ವಿಚಾರಿಸಲಿ. ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿರಿ. ನಿಮ್ಮ ಮನೆಯ ಉದ್ದ, ಅಗಲ, ನೆತ್ತಿಯ ಎತ್ತರಗಳನ್ನು ಹಿರಿಯರ ಸಹಾಯದಿಂದ ಅಳೆಯಿರಿ. ನೀವು ಮಾಡಿಗೆ ಹತ್ತಬೇಡಿರಿ. ಅಟ್ಟದಿಂದಲೂ ಅಂಗಳದಿಂದಲೂ ಅಳೆದರೆ ಸಾಕು. ಎಷ್ಟು ಹಂಚು, ಎಷ್ಟು ಮರ ಎಂದು ಒಂದು ಹಾಳೆಯಲ್ಲಿ ಬರೆದು ತಂದೆತಾಯಿಯರ ಕೈಗೆ ಕೊಡಿರಿ. ಅವರು ಅದನ್ನು ರೇಷನ್ ಕಾರ್ಡಿನ ಜೊತೆಯಲ್ಲಿ ತೆಗೆದಿಡಲಿ. ಮುಂದೊಂದು ದಿನ ಯಾರಾದರೂ ನಿಮ್ಮ ಅಂಗಳದಲ್ಲಿ ನಿಂತು, ತಲೆಯೆತ್ತಿ ನೋಡಿ, "ಎಲ್ಲ ಸೇರಿ ಇಷ್ಟು" ಎಂದಾಗ ನಿಮ್ಮ ಹೆತ್ತವರು ಆ ಹಾಳೆಯನ್ನು ಮುಂದಿಟ್ಟು, "ಇದರಲ್ಲಿ ಹಂಚಿಗೆಷ್ಟು, ಮರಕ್ಕೆಷ್ಟು?" ಎಂದು ಕೇಳುವಂತಾಗಲಿ.