ರಸೀದಿಯಲ್ಲೊಂದು ಸಾಲು: ನಮ್ಮ ತೆರಿಗೆ, ದೂರದ ಯುದ್ಧ

ಜುಲೈ ಬಂತೆಂದರೆ ನಮ್ಮಲ್ಲಿ ಎರಡೇ ಮಾತು. ಒಂದು ಚಳಿ, ಇನ್ನೊಂದು ತೆರಿಗೆ. ಆಸ್ಟ್ರೇಲಿಯಾದ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಸಿಡ್ನಿಯ ವೆಂಟ್‌ವರ್ತ್‌ವಿಲ್ ಇರಲಿ, ಮೆಲ್ಬರ್ನಿನ ಟಾರ್ನೀಟ್ ಇರಲಿ, ನಾಲ್ಕು ಕನ್ನಡದ ಮನೆಯವರು ಊಟಕ್ಕೆ ಸೇರಿದರೆ ಸಾರು ಅನ್ನ ಮುಗಿದು ಮೊಸರನ್ನಕ್ಕೆ ಬರುವಷ್ಟರಲ್ಲಿ "ನಿಮಗೆ ರಿಫಂಡ್ ಎಷ್ಟು ಬಂತು?" ಎನ್ನುವ ಪ್ರಶ್ನೆ ಬಂದೇ ಬರುತ್ತದೆ.

ತೆರಿಗೆ ಕಚೇರಿಯವರು ಲೆಕ್ಕ ಮುಗಿಸಿ ಕಳಿಸುವ ಪತ್ರದ ಜತೆ 2014ರಿಂದ ಒಂದು ರಸೀದಿಯೂ ಬರುತ್ತಿದೆ. ನಾವು ಕಟ್ಟಿದ ತೆರಿಗೆಯಲ್ಲಿ ಪಿಂಚಣಿ ಮತ್ತು ಕಲ್ಯಾಣಕ್ಕೆ ಎಷ್ಟು, ಆರೋಗ್ಯಕ್ಕೆ ಎಷ್ಟು, ಶಿಕ್ಷಣಕ್ಕೆ ಎಷ್ಟು ಎಂದು ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಅದರಲ್ಲಿ ಒಂದು ಸಾಲು 'ರಕ್ಷಣೆ'. ರಿಫಂಡ್ ಮೊತ್ತ ನೋಡಿ ಪತ್ರ ಮಡಚಿಡುವ ನಾವು ಆ ಸಾಲಿನ ಮೇಲೆ ಕಣ್ಣು ಹಾಯಿಸುವುದು ಕಡಿಮೆ. ಆದರೆ ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಓದುತ್ತಾರೆ. ಓದಿ, "ಅಪ್ಪಾ, ಈ ದುಡ್ಡು ಯಾವ ಯುದ್ಧಕ್ಕೆ ಹೋಗುತ್ತೆ? ನಮ್ಮ ದೇಶದ ಮೇಲೆ ಯಾರೂ ಯುದ್ಧಕ್ಕೆ ಬಂದಿಲ್ಲವಲ್ಲ?" ಎಂದು ಕೇಳುತ್ತಾರೆ. 'ನಮ್ಮ ದೇಶ' ಎನ್ನುವ ಮಾತು ಅವರ ಬಾಯಲ್ಲಿ ಎಷ್ಟು ಸರಾಗವಾಗಿ ಬರುತ್ತದೆ ಎಂಬುದನ್ನು ಗಮನಿಸುತ್ತಲೇ ನಾವು ಉತ್ತರಕ್ಕೆ ತಡಕಾಡುತ್ತೇವೆ.

ಮಗುವಿನ ಪ್ರಶ್ನೆಯಲ್ಲಿ ಹುರುಳಿದೆ. ಆಸ್ಟ್ರೇಲಿಯಾ ತನ್ನ ನೆಲದ ಮೇಲಿನ ದಾಳಿಯನ್ನು ಎದುರಿಸಿದ್ದು 1942ರಲ್ಲಿ, ಜಪಾನಿನ ವಿಮಾನಗಳು ಡಾರ್ವಿನ್ ಮೇಲೆ ಬಾಂಬು ಹಾಕಿದಾಗ, ಕಿರು ಜಲಾಂತರ್ಗಾಮಿಗಳು ಸಿಡ್ನಿ ಬಂದರಿನೊಳಕ್ಕೆ ನುಗ್ಗಿದಾಗ. ಮಿಕ್ಕಂತೆ ಈ ದೇಶದ ಸೈನಿಕರು ಹೋರಾಡಿದ್ದೆಲ್ಲ ಬಹುಪಾಲು ದೂರದ ನೆಲದಲ್ಲಿ, ದೊಡ್ಡ ಮಿತ್ರದೇಶದ ಪಕ್ಕದಲ್ಲಿ ನಿಂತು. ಮೊದಲು ಬ್ರಿಟನ್, ಆಮೇಲೆ ಅಮೆರಿಕ.

ಮೈಸೂರಿನ 50 ಲಕ್ಷ

ಪ್ರತಿವರ್ಷ ಏಪ್ರಿಲ್ 25ರ ನಸುಕಿನಲ್ಲಿ ಸಿಡ್ನಿಯ ಮಾರ್ಟಿನ್ ಪ್ಲೇಸ್‌ನಲ್ಲೂ ಮೆಲ್ಬರ್ನಿನ ಶ್ರೈನ್ ಆಫ್ ರಿಮೆಂಬರೆನ್ಸ್ ಮುಂದೆಯೂ ಸಾವಿರಾರು ಜನ ಕತ್ತಲಲ್ಲಿ ಮೌನವಾಗಿ ನಿಲ್ಲುತ್ತಾರೆ. ಎದೆಯ ಮೇಲೆ ರೋಸ್‌ಮೆರಿಯ ಎಸಳು. 1915ರ ಅದೇ ದಿನ ಮುಂಜಾನೆ ಟರ್ಕಿಯ ಗಲಿಪೊಲಿ ತೀರದಲ್ಲಿ ಇಳಿದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೈನಿಕರ ನೆನಪಿನ ದಿನ ಅದು, ಆನ್ಜಾಕ್ ಡೇ. ನಮ್ಮಲ್ಲಿ ಅನೇಕರು ಮೊದಮೊದಲು ಅದನ್ನು ಒಂದು ರಜೆ ಎಂದುಕೊಂಡಿದ್ದೆವು. ಮಕ್ಕಳು ಶಾಲೆಯ ಕಡೆಯಿಂದಲೋ ಸ್ಕೌಟ್ಸ್ ಕಡೆಯಿಂದಲೋ ಹೋಗಬೇಕಾಗಿ ಬಂದಾಗ ನಾವೂ ಥರ್ಮಾಸಿನಲ್ಲಿ ಕಾಫಿ ಹಿಡಿದುಕೊಂಡು ಹೋದೆವು. ಮೆರವಣಿಗೆಯಲ್ಲಿ ಭಾರತೀಯ ಸೇನೆಯ ನಿವೃತ್ತರು ಪದಕ ಧರಿಸಿ ನಡೆಯುವುದನ್ನು ಕಂಡಾಗಲೇ ನಮಗೆ ಅನ್ನಿಸಿದ್ದು, ಈ ಕಥೆಯಲ್ಲಿ ನಮ್ಮವರೂ ಇದ್ದಾರೆ ಎಂದು.

ಗಲಿಪೊಲಿಯಲ್ಲಿ ಸುಮಾರು 16 ಸಾವಿರ ಭಾರತೀಯರಿದ್ದರು. ಸಿಖ್ಖರು, ಗೂರ್ಖಾಗಳು, ಫಿರಂಗಿ ದಳದವರು, ನೀರು ಮತ್ತು ಮದ್ದುಗುಂಡು ಹೊತ್ತ ಹೇಸರಗತ್ತೆಗಳನ್ನು ಗುಂಡಿನ ಮಳೆಯಲ್ಲಿ ಮೇಲಕ್ಕೆ ಹೊಡೆದುಕೊಂಡು ಹೋದವರು. ಮೆಲ್ಬರ್ನಿನ ಶ್ರೈನ್ ಬಳಿ ಕತ್ತೆಯೊಂದಿಗೆ ನಿಂತ ಸೈನಿಕನ ಪುಟ್ಟ ಪ್ರತಿಮೆಯೊಂದಿದೆ. ಗಾಯಾಳುಗಳನ್ನು ಕತ್ತೆಯ ಮೇಲೆ ಹೊತ್ತು ತರುತ್ತಿದ್ದ ಸಿಂಪ್ಸನ್ ಇಲ್ಲಿನ ಶಾಲಾ ಮಕ್ಕಳಿಗೆಲ್ಲ ಗೊತ್ತು. ಆತ ಉಂಡು ಮಲಗುತ್ತಿದ್ದುದು ಭಾರತೀಯ ಫಿರಂಗಿ ದಳದವರ ಬಿಡಾರದಲ್ಲಿ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಇನ್ನು ನಮ್ಮ ಮೈಸೂರು. ಮಿತ್ರಸೈನ್ಯಕ್ಕೆ ಹಣ ಕೊಡುವ ಅಭ್ಯಾಸ ಮೈಸೂರಿಗೆ ಹೊಸದಲ್ಲ, ಅದನ್ನು ಬಲವಂತವಾಗಿ ಕಲಿಸಲಾಗಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಆದ ಒಪ್ಪಂದದ ಪ್ರಕಾರ ಕಂಪನಿಯ ಸೈನ್ಯವನ್ನು ಸಾಕುವುದಕ್ಕೆ ಸಂಸ್ಥಾನ ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕಿತ್ತು. 1881ರಲ್ಲಿ ಒಡೆಯರಿಗೆ ಆಡಳಿತ ಮರಳಿ ಬಂದಾಗ ಆ ಹಣವನ್ನು 35 ಲಕ್ಷ ರೂಪಾಯಿಗೆ ಏರಿಸಲಾಯಿತು. ಇದಲ್ಲದೆ ಸಾಮ್ರಾಜ್ಯದ ಸೇವೆಗೆಂದೇ ಮೈಸೂರು ತನ್ನ ಖರ್ಚಿನಲ್ಲಿ ಲ್ಯಾನ್ಸರ್ಸ್ ಎಂಬ ಕುದುರೆ ದಳವನ್ನು ಇಟ್ಟಿತ್ತು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಭಾರತದಿಂದ ಹೊರಡುವ ಸೈನ್ಯದ ಖರ್ಚಿಗೆಂದು 50 ಲಕ್ಷ ರೂಪಾಯಿ ಕೊಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸಂಸತ್ತಿನಲ್ಲಿ ಓದಲಾದ ವೈಸರಾಯ್ ವರದಿಯಲ್ಲಿ ಈ ಕೊಡುಗೆಯ ಹೆಸರಿತ್ತು. ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು. ಗಲಿಪೊಲಿಗೆ ಹೋಗುವ ಮುನ್ನ ಆಸ್ಟ್ರೇಲಿಯಾದ ಹುಡುಗರು ತರಬೇತಿ ಪಡೆಯುತ್ತಿದ್ದುದೂ ಅದೇ ಈಜಿಪ್ಟಿನಲ್ಲೇ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಜೋಧಪುರ ಮತ್ತು ಮೈಸೂರಿನ ಸವಾರರು ಗೆದ್ದುಕೊಂಡಾಗ ಸೆರೆ ಸಿಕ್ಕವರು 1,350 ಮಂದಿ. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಏರಿ ಹೋದದ್ದು ಮೈಸೂರಿನವರು. ಆ ಇಡೀ ಕುದುರೆ ಸೈನ್ಯದ ಮುಖ್ಯಸ್ಥ ಹ್ಯಾರಿ ಶೋವೆಲ್ ಎಂಬ ಆಸ್ಟ್ರೇಲಿಯಾದ ಜನರಲ್. ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಸವಾರರೂ ಮೈಸೂರಿನ ಸವಾರರೂ ಒಬ್ಬನೇ ದಂಡನಾಯಕನ ಕೈಕೆಳಗಿದ್ದರು. ಹೀಗಾಗಿ ಆನ್ಜಾಕ್ ದಿನ ನಾವು ಹೊರಗಿನವರಾಗಿ ನಿಲ್ಲಬೇಕಿಲ್ಲ.

ಹಾಗೆಂದು ಬರೀ ಹೆಮ್ಮೆಪಟ್ಟು ಸುಮ್ಮನಾಗುವಂತಿಲ್ಲ. 50 ಲಕ್ಷ ಕೊಟ್ಟ ಸಂಸ್ಥಾನದ ರೈತನನ್ನು ಯಾರೂ ಕೇಳಿರಲಿಲ್ಲ. 1917ರಲ್ಲಿ ಭಾರತ ಸರ್ಕಾರ ಬ್ರಿಟನ್ನಿಗೆ 10 ಕೋಟಿ ಪೌಂಡ್ 'ಉಡುಗೊರೆ' ಕೊಟ್ಟಾಗಲೂ ಭಾರತೀಯರನ್ನು ಕೇಳಲಿಲ್ಲ. ಮತವಿಲ್ಲದವರು ಹಣ ಕೊಟ್ಟರು, ಜೀವವನ್ನೂ ಕೊಟ್ಟರು.

ಯುದ್ಧ ತಂದ ತೆರಿಗೆ

ಆಸ್ಟ್ರೇಲಿಯಾದ ಕಥೆ ಇಲ್ಲಿ ಬೇರೆಯಾಗುತ್ತದೆ. ಇಲ್ಲಿ ಜನರನ್ನು ಕೇಳಲಾಯಿತು. ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿ ಹೊರದೇಶಕ್ಕೆ ಕಳಿಸಬಹುದೇ ಎಂದು 1916ರಲ್ಲಿ ಮತ್ತು 1917ರಲ್ಲಿ ಎರಡು ಸಲ ಜನಮತ ಕೇಳಿದರು. ಎರಡು ಸಲವೂ ಜನ 'ಬೇಡ' ಎಂದರು. 50 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ದೇಶದಿಂದ 4 ಲಕ್ಷಕ್ಕೂ ಹೆಚ್ಚು ಮಂದಿ ತಾವಾಗಿಯೇ ಸೈನ್ಯ ಸೇರಿದರು. 60 ಸಾವಿರ ಮಂದಿ ಮರಳಿ ಬರಲಿಲ್ಲ. ಸಿಡ್ನಿಯ ಹೈಡ್ ಪಾರ್ಕಿನ ಸ್ಮಾರಕದೊಳಗೆ ತಲೆಯೆತ್ತಿ ನೋಡಿದರೆ ಗುಮ್ಮಟದ ತುಂಬ 1,20,000 ಚಿನ್ನದ ಬಣ್ಣದ ನಕ್ಷತ್ರಗಳು. ನ್ಯೂ ಸೌತ್ ವೇಲ್ಸ್‌ನಿಂದ ಹೋದವರ ಲೆಕ್ಕ ಅದು.

ಹಣದ ವಿಷಯದಲ್ಲಿ ಮಾತ್ರ ಜನಮತ ಕೇಳಲಿಲ್ಲ. ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಮೊಟ್ಟಮೊದಲು ಆದಾಯ ತೆರಿಗೆ ಹಾಕಿದ್ದೇ 1915ರಲ್ಲಿ, ಯುದ್ಧದ ಖರ್ಚಿಗಾಗಿ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಕರ್ಟಿನ್ ಸರ್ಕಾರ ಆದಾಯ ತೆರಿಗೆಯನ್ನು ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡಿತು. ರಾಜ್ಯಗಳು ಹೈಕೋರ್ಟಿಗೆ ಹೋಗಿ ಸೋತವು. ಯುದ್ಧ ಮುಗಿದರೂ ಆ ಅಧಿಕಾರ ರಾಜ್ಯಗಳಿಗೆ ಮರಳಲಿಲ್ಲ. ಇಂದು ನಾವು ಕೇಂದ್ರಕ್ಕೆ ಒಂದೇ ಆದಾಯ ತೆರಿಗೆ ಕಟ್ಟುತ್ತಿರುವುದು ಆ ಯುದ್ಧಕಾಲದ ವ್ಯವಸ್ಥೆಯ ಮುಂದುವರಿಕೆ.

ಆಗ ಮಿತ್ರಸೈನ್ಯವನ್ನು ಸಾಕಿದ್ದೂ ಉಂಟು. ಅಮೆರಿಕದ ಸೈನಿಕರು ಲಕ್ಷಗಟ್ಟಲೆ ಇಲ್ಲಿಗೆ ಬಂದಿಳಿದಾಗ ಅವರಿಗೆ ಮಾಂಸ, ತರಕಾರಿ, ಬಟ್ಟೆ, ಬಿಡಾರ ಒದಗಿಸಿದ್ದು ಆಸ್ಟ್ರೇಲಿಯಾ. ಅಮೆರಿಕ ಕೊಟ್ಟ ಯುದ್ಧಸಾಮಗ್ರಿಗೆ ಪ್ರತಿಯಾಗಿ ಆಸ್ಟ್ರೇಲಿಯಾ ಕೊಟ್ಟ ನೆರವು ಅದು. ನಾವು ಡಿಸೆಂಬರ್ 26ರ ಟೆಸ್ಟ್ ನೋಡಲು ಹೋಗುವ ಮೆಲ್ಬರ್ನ್ ಕ್ರಿಕೆಟ್ ಮೈದಾನದ ಗ್ಯಾಲರಿಗಳಲ್ಲಿ 1943ರಲ್ಲಿ ಮಲಗುತ್ತಿದ್ದವರು ಅಮೆರಿಕದ ಮರೀನ್‌ಗಳು.

ಕಾಬೂಲಿನಿಂದ ಕೀವ್‌ವರೆಗೆ

ಈಗಿನ ಲೆಕ್ಕಕ್ಕೆ ಬರೋಣ. 2024-25ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು ಸುಮಾರು 5,570 ಕೋಟಿ ಆಸ್ಟ್ರೇಲಿಯನ್ ಡಾಲರ್. ಹೊರದೇಶದ ಕಾರ್ಯಾಚರಣೆಗೆ ಒಂದು ಪ್ರತ್ಯೇಕ ಪದ್ಧತಿಯಿದೆ. ಸೈನ್ಯವನ್ನು ಹೊರಗೆ ಕಳಿಸಿದಾಗ ಆಗುವ ಹೆಚ್ಚುವರಿ ಖರ್ಚನ್ನು ಸರ್ಕಾರ ಇಲಾಖೆಗೆ ತುಂಬಿಕೊಡುತ್ತದೆ. ಖರ್ಚು ಕಡಿಮೆಯಾದರೆ ಇಲಾಖೆ ಹಣ ಮರಳಿಸಬೇಕು. ಲಾಭವೂ ಇಲ್ಲ, ನಷ್ಟವೂ ಇಲ್ಲ. ಇಲಾಖೆಗೆ ಇದು ಸರಿಯಾದ ಲೆಕ್ಕ. ಆದರೆ ಆ ಖರ್ಚು ಒಂದು ಕಾರ್ಯಾಚರಣೆಗೆ ಇಷ್ಟು ಎಂದು ಬಜೆಟ್ ಪುಸ್ತಕದ ಒಳಪುಟದ ಕೋಷ್ಟಕದಲ್ಲಿ ಬರುವುದರಿಂದ ಅದನ್ನು ತೆರೆದು ನೋಡುವವರು ವಿರಳ.

ಅಫ್ಗಾನಿಸ್ತಾನದ ಉದಾಹರಣೆ ನೋಡಿ. 2001ರಿಂದ 2021ರವರೆಗೆ 39 ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಅಲ್ಲಿ ಸೇವೆ ಸಲ್ಲಿಸಿದರು, 41 ಸೈನಿಕರು ಪ್ರಾಣ ಕಳೆದುಕೊಂಡರು. ತಮ್ಮ ಸೈನ್ಯದ ಖರ್ಚಲ್ಲದೆ ಅಫ್ಗನ್ ಸೈನ್ಯ ಮತ್ತು ಪೊಲೀಸರನ್ನು ಸಾಕಲು 2015ರಿಂದ ಮೂರು ವರ್ಷ ತಲಾ 10 ಕೋಟಿ ಅಮೆರಿಕನ್ ಡಾಲರ್ ಕೊಡುವುದಾಗಿ ಆಸ್ಟ್ರೇಲಿಯಾ ಮಾತು ಕೊಟ್ಟಿತು. ಆ ನೆರವು ಮುಂದೆಯೂ ಮುಂದುವರಿಯಿತು. 2021ರ ಆಗಸ್ಟಿನಲ್ಲಿ ಆ ಸೈನ್ಯ ಕೆಲವೇ ದಿನಗಳಲ್ಲಿ ಕರಗಿಹೋಯಿತು. ಅದಕ್ಕೂ ಮೊದಲು, 2020ರ ನವೆಂಬರಿನಲ್ಲಿ ಬಂದ ಬ್ರೆರಟನ್ ವರದಿ, ಆಸ್ಟ್ರೇಲಿಯಾದ ಕೆಲ ಸೈನಿಕರೇ 39 ಅಫ್ಗನ್ನರನ್ನು ಅಕ್ರಮವಾಗಿ ಕೊಂದಿದ್ದಾರೆ ಎನ್ನಲು ನಂಬಲರ್ಹ ಮಾಹಿತಿಯಿದೆ ಎಂದು ಹೇಳಿತ್ತು. ಆ ಇಪ್ಪತ್ತು ವರ್ಷದಲ್ಲೇ ನಮ್ಮಲ್ಲಿ ಬಹಳ ಮಂದಿ ಬೆಂಗಳೂರಿನಿಂದ ಇಲ್ಲಿಗೆ ಬಂದು ಸಂಬಳ ಎಣಿಸಲು ಆರಂಭಿಸಿದ್ದು. ಆ ಖರ್ಚಿನಲ್ಲಿ ನಮ್ಮ ಪಾಲೂ ಇದೆ.

ಉಕ್ರೇನಿನದು ಬೇರೆ ಬಗೆ. ಅಲ್ಲಿಗೆ ಸೈನಿಕರನ್ನು ಯುದ್ಧಕ್ಕೆ ಕಳಿಸಿಲ್ಲ, ಸಾಮಗ್ರಿ ಮತ್ತು ಹಣ ಕಳಿಸುತ್ತಿದ್ದಾರೆ. ಒಟ್ಟು ನೆರವು 150 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿದೆ. ಮೆಲ್ಬರ್ನಿನಿಂದ ಎರಡು ಗಂಟೆಯ ದಾರಿಯ ಬೆಂಡಿಗೋದಲ್ಲಿ ತಯಾರಾದ ಬುಷ್‌ಮಾಸ್ಟರ್ ವಾಹನಗಳು ಅಲ್ಲಿ ಓಡಾಡುತ್ತಿವೆ. 2024ರ ಅಕ್ಟೋಬರಿನಲ್ಲಿ 49 ಹಳೆಯ ಏಬ್ರಮ್ಸ್ ಟ್ಯಾಂಕುಗಳನ್ನು ಕೊಡುವುದಾಗಿ ಸರ್ಕಾರ ಹೇಳಿತು. ಅವು ಅಮೆರಿಕದಲ್ಲಿ ತಯಾರಾದವು, ಹಾಗಾಗಿ ದಾನಕ್ಕೂ ಅಮೆರಿಕದ ಒಪ್ಪಿಗೆ ಬೇಕಾಯಿತು.

ಎಲ್ಲಕ್ಕಿಂತ ದೊಡ್ಡದು ಆಕಸ್ ಒಪ್ಪಂದ. ಅಣುಶಕ್ತಿಯ ಜಲಾಂತರ್ಗಾಮಿಗಳ ಈ ಯೋಜನೆಗೆ 2050ರ ದಶಕದವರೆಗೆ 36,800 ಕೋಟಿ ಡಾಲರ್‌ವರೆಗೂ ಆಗಬಹುದೆಂದು 2023ರಲ್ಲಿ ಅಂದಾಜು ಮಾಡಲಾಯಿತು. ಅದರಲ್ಲಿ 300 ಕೋಟಿ ಅಮೆರಿಕನ್ ಡಾಲರ್ ಹೋಗುವುದು ಅಮೆರಿಕದ ಹಡಗುಕಟ್ಟೆಗಳನ್ನು ಬಲಪಡಿಸಲು. ಮೊದಲ ಕಂತು 50 ಕೋಟಿ ಡಾಲರ್ 2025ರ ಫೆಬ್ರವರಿಯಲ್ಲಿ ಸಂದಾಯವಾಗಿದೆ.

ಕೇಳುವವರು ಯಾರು?

ಈ ವಿಷಯ ಬಂದಾಗ ನಮ್ಮ ಊಟದ ಮೇಜಿನಲ್ಲಿ ಒಂದೇ ದನಿಯಿಲ್ಲ. "ಇಷ್ಟು ದೊಡ್ಡ ಭೂಮಿ, ಇಷ್ಟು ಕಡಿಮೆ ಜನ. ಅಮೆರಿಕ ಜತೆಗಿಲ್ಲದಿದ್ದರೆ ಚೀನಾ ಎದುರು ನಿಲ್ಲೋಕಾಗುತ್ತಾ? ಇದು ವಿಮೆಯ ಕಂತು ಇದ್ದ ಹಾಗೆ" ಎನ್ನುವವರಿದ್ದಾರೆ. "ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕು, ಯಾರದೋ ಹಡಗುಕಟ್ಟೆಗೆ ದುಡ್ಡಿದೆ" ಎನ್ನುವವರೂ ಇದ್ದಾರೆ. "ಬಂದ ಊರಿನಲ್ಲಿ ನಮಗ್ಯಾಕೆ ರಾಜಕೀಯ, ಮೊಸರು ಬಡಿಸಿ" ಎನ್ನುವವರೇ ಜಾಸ್ತಿ. ಈ ಮೂರನೆಯ ಮಾತನ್ನು ನಾವೂ ಬಹಳ ವರ್ಷ ಆಡಿದ್ದೇವೆ.

ಆದರೆ ಇಲ್ಲಿಯವರು ಸುಮ್ಮನಿದ್ದವರಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹುಟ್ಟಿದ ದಿನಾಂಕಗಳ ಲಾಟರಿ ಎತ್ತಿ ಇಪ್ಪತ್ತರ ಹುಡುಗರನ್ನು ಸೈನ್ಯಕ್ಕೆ ಕರೆಯುತ್ತಿದ್ದರು. ಅದರ ವಿರುದ್ಧ 1970ರ ಮೇ 8ರಂದು ಮೆಲ್ಬರ್ನಿನ ಬೀದಿಗಳಲ್ಲಿ ಸೇರಿದವರು ಲಕ್ಷದಷ್ಟು. 2003ರ ಫೆಬ್ರವರಿಯಲ್ಲಿ ಇರಾಕ್ ಯುದ್ಧ ಬೇಡವೆಂದು ಸಿಡ್ನಿಯ ಹೈಡ್ ಪಾರ್ಕಿನ ಸುತ್ತ ಜನಸಾಗರವೇ ಸೇರಿತ್ತು. ಆದರೂ ಸೈನ್ಯ ಹೋಯಿತು. ಏಕೆಂದರೆ ಈ ದೇಶದಲ್ಲಿ ಯುದ್ಧಕ್ಕೆ ಸೈನ್ಯ ಕಳಿಸಲು ಸಂಸತ್ತಿನ ಮತ ಬೇಕಾಗಿಲ್ಲ, ಪ್ರಧಾನಿ ಮತ್ತು ಸಂಪುಟದ ತೀರ್ಮಾನ ಸಾಕು. ಇದನ್ನು ಬದಲಿಸಬೇಕೆ ಎಂದು ಪರಿಶೀಲಿಸಿದ ಸಂಸದೀಯ ಸಮಿತಿ 2023ರಲ್ಲಿ ಅಧಿಕಾರ ಸಂಪುಟದ ಬಳಿಯೇ ಇರಲಿ, ಆದರೆ ಸಂಸತ್ತಿಗೆ ಹೆಚ್ಚಿನ ಲೆಕ್ಕ ಒಪ್ಪಿಸಬೇಕು ಎಂದಿತು. ಹಣದ ಮಸೂದೆ ಮಾತ್ರ ಸಂಸತ್ತಿಗೆ ಬಂದೇ ಬರಬೇಕು. ಕೇಳುವ ಬಾಗಿಲು ತೆರೆಯುವುದು ಅಲ್ಲೇ.

ನಮ್ಮಲ್ಲಿ ಕಾಯಂ ವಾಸದ ವೀಸಾದಲ್ಲೇ ಉಳಿದವರಿಗೆ ತೆರಿಗೆ ಇದೆ, ಮತ ಇಲ್ಲ. ಊರಿನ ಪಾಸ್‌ಪೋರ್ಟ್ ಬಿಡಲು ಮನಸ್ಸು ಬಾರದೆ ಹಾಗೇ ಇರುವವರ ಸಂಕಟ ನಮಗೆ ಗೊತ್ತು. ಆದರೂ ಸಂಸದೀಯ ಸಮಿತಿಗೆ ಅಭಿಪ್ರಾಯ ಬರೆದು ಕಳಿಸಲು ಪೌರತ್ವ ಬೇಕಿಲ್ಲ. ಕ್ಷೇತ್ರದ ಸಂಸದರಿಗೆ ಪತ್ರ ಬರೆಯಲೂ ಬೇಕಿಲ್ಲ. ಯುದ್ಧ ಬೇಕು ಎನ್ನುವವರೂ ಬರೆಯಲಿ, ಬೇಡ ಎನ್ನುವವರೂ ಬರೆಯಲಿ. ನಾಳೆ ಇಲ್ಲಿಯ ಪ್ರಜೆಗಳಾದ ನಮ್ಮ ಮಕ್ಕಳಲ್ಲೇ ಒಬ್ಬರು ಸಮವಸ್ತ್ರ ತೊಟ್ಟು ಬಾಗಿಲಲ್ಲಿ ನಿಂತಾಗ ಮೊದಲ ಸಲ ಯೋಚಿಸುವುದು ತಡವಾದೀತು.

ಮೈಸೂರಿನ ರೈತನಿಗೆ ಕೇಳುವ ದಾರಿ ಇರಲಿಲ್ಲ, ನಮಗಿದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ಮಕ್ಕಳನ್ನು ಐದು ನಿಮಿಷ ನಿಲ್ಲಿಸಿ, ಕಲ್ಲಿನ ಮೇಲಿನ ಹೆಸರುಗಳನ್ನು ಅವರಿಂದಲೇ ಓದಿಸಿ. ಏಪ್ರಿಲ್ 25ರ ನಸುಕಿಗೆ ಅಲಾರಂ ಇಡಿ. ಇನ್ನು ಈ ಸಲದ ರಸೀದಿ ಬಂದಾಗ, ರಿಫಂಡ್ ನೋಡಿದ ಮೇಲೆ, 'ರಕ್ಷಣೆ' ಎಂಬ ಆ ಸಾಲನ್ನೂ ಒಮ್ಮೆ ಮಕ್ಕಳ ಜತೆ ಕೂತು ಓದಿ. ಉತ್ತರ ಗೊತ್ತಿಲ್ಲದಿದ್ದರೆ ಅವರ ಜತೆಗೇ ಹುಡುಕೋಣ.