ಸ್ಟೇರಿಂಗ್ ತಿರುಗಿಸಿದರೆ ಠಂಗ್: ಸ್ಟ್ರಟ್ ಬೇರಿಂಗಿನ ಸುತ್ತ ಒಂದಷ್ಟು ತಪ್ಪು ಕಲ್ಪನೆ

ನಿಂತ ಕಾರಿನ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರದ ಕಡೆಯಿಂದ ಕಿರ್ರೆಂದೋ ಠಂಗೆಂದೋ ಸದ್ದು ಬರುತ್ತದೆ. ಗ್ಯಾರೇಜಿಗೆ ಒಯ್ದರೆ ಒಬ್ಬರು ಆಕ್ಸಲ್ ಹೋಗಿದೆ ಅನ್ನುತ್ತಾರೆ, ಇನ್ನೊಬ್ಬರು ಸ್ಟೇರಿಂಗ್ ರ‍್ಯಾಕ್ ಅನ್ನುತ್ತಾರೆ, ಮೂರನೆಯವರು ‘ಓಡಿಸಿ ಸಾರ್, ಏನೂ ಆಗಲ್ಲ’ ಎಂದು ಕಳಿಸುತ್ತಾರೆ. ಎಷ್ಟೋ ಸಲ ತಪ್ಪಿತಸ್ಥ ಇರುವುದೇ ಬೇರೆ ಕಡೆ: ಮುಂದಿನ ಶಾಕ್ ಅಬ್ಸಾರ್ಬರಿನ ನೆತ್ತಿಯಲ್ಲಿ, ರಬ್ಬರ್ ಮೌಂಟಿಂಗಿಗೂ ಸ್ಪ್ರಿಂಗಿನ ಮೇಲಿನ ತಟ್ಟೆಗೂ ನಡುವೆ ಕೂತ ಅಂಗೈ ಅಗಲದ ಬಳೆಯಲ್ಲಿ. ಅದೇ ಸ್ಟ್ರಟ್ ಬೇರಿಂಗ್.

ಸ್ಪ್ರಿಂಗ್, ಶಾಕ್, ಚಕ್ರ ತಿರುಗುವ ಅಚ್ಚು ಮೂರನ್ನೂ ಒಂದೇ ಕಂಬದಲ್ಲಿ, ಅಂದರೆ ಸ್ಟ್ರಟ್ಟಿನಲ್ಲಿ, ಸೇರಿಸಿದವರು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಈ ವ್ಯವಸ್ಥೆ ಹೊತ್ತು ಬಂತು. ಟಾರ್ಷನ್ ಬಾರ್ ಮೇಲೆ ನಿಂತ ಅಂಬಾಸಡರ್ ನೋಡಿದ್ದ ನಮ್ಮವರಿಗೆ 1983ರ ಕೊನೆಗೆ ಬಂದ ಮಾರುತಿ 800 ಇದನ್ನು ಮನೆಮಾತಾಗಿಸಿತು. ಇಂದು ನಮ್ಮ ರಸ್ತೆಯ ಸಣ್ಣ ಕಾರುಗಳು ಹೆಚ್ಚೂಕಮ್ಮಿ ಎಲ್ಲವೂ ಹೀಗೆಯೇ. ಚಕ್ರ ತಿರುಗಿದರೆ ಇಡೀ ಕಂಬ ತಿರುಗಬೇಕು, ಕಾರಿನ ಮೈ ಮಾತ್ರ ತಿರುಗಬಾರದು. ಆ ನಡುವಿನ ಕೆಲಸ ಬೇರಿಂಗಿನದು.

ತಪ್ಪು ಕಲ್ಪನೆ: ತಿರುವಿನಲ್ಲಿ ಸದ್ದು ಬಂದರೆ ಆಕ್ಸಲ್ ಜಾಯಿಂಟೇ

ಆಕ್ಸಲಿನ ಹೊರ ಜಾಯಿಂಟ್ ಸವೆದರೆ ಗಾಡಿ ಓಡುತ್ತಿರುವಾಗ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಟಕ್‌ಟಕ್‌ಟಕ್ ಎಂದು ಲಯಬದ್ಧವಾಗಿ ಬಡಿಯುತ್ತದೆ. ವೇಗ ಹೆಚ್ಚಿದರೆ ಬಡಿತವೂ ಹೆಚ್ಚುತ್ತದೆ. ಸ್ಟ್ರಟ್ ಬೇರಿಂಗಿಗೆ ಗಾಡಿ ಓಡಲೇಬೇಕೆಂದಿಲ್ಲ. ಪಾರ್ಕಿಂಗಿನಲ್ಲಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೂ ಅದು ಕೂಗುತ್ತದೆ.

ಖಚಿತಪಡಿಸಿಕೊಳ್ಳುವುದು ಸುಲಭ. ಸಮತಟ್ಟಾದ ಬಯಲು ಜಾಗದಲ್ಲಿ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಚಾಲೂ ಇಟ್ಟು ಇನ್ನೊಬ್ಬರಿಗೆ ಸ್ಟೇರಿಂಗನ್ನು ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸಲು ಹೇಳಿ. ನೀವು ಚಕ್ರದ ಗೂಡಿನೊಳಗೆ ಕೈಹಾಕಿ ಸ್ಪ್ರಿಂಗಿನ ಹೊರಮೈಗೆ ಬೆರಳ ತುದಿ ತಾಗಿಸಿ. ಸುರುಳಿಗಳ ಸಂದಿಗೆ ಬೆರಳು ಬೇಡ. ಬೇರಿಂಗ್ ಚೆನ್ನಾಗಿದ್ದರೆ ಸ್ಪ್ರಿಂಗ್ ಚಕ್ರದ ಜೊತೆಗೇ ಸದ್ದಿಲ್ಲದೆ ತಿರುಗುತ್ತದೆ. ಕೆಟ್ಟಿದ್ದರೆ ಮೊದಲು ಮಿಸುಕುವುದಿಲ್ಲ, ಒಳಗೊಳಗೇ ಹುರಿಗೊಳ್ಳುತ್ತದೆ, ಆಮೇಲೆ ಠಂಗೆಂದು ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತ ಬೆರಳಿಗೆ ತಾಗಿತೆಂದರೆ ಬೇರೆ ಸಾಕ್ಷಿ ಬೇಕಿಲ್ಲ.

ತಪ್ಪು ಕಲ್ಪನೆ: ಸ್ಟೇರಿಂಗ್ ಭಾರವಾದರೆ ಪವರ್ ಸ್ಟೇರಿಂಗ್ ಕೆಟ್ಟಿದೆ

ಇರಬಹುದು. ಆದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರದೆ ಅರ್ಧಕ್ಕೇ ನಿಂತರೆ, ಹೆದ್ದಾರಿಯಲ್ಲಿ ಗಾಡಿ ಒಂದು ಪಕ್ಕಕ್ಕೆ ಎಳೆದು ಮತ್ತೆ ಇನ್ನೊಂದು ಪಕ್ಕಕ್ಕೆ ಎಳೆದರೆ, ದುಬಾರಿ ಮೋಟರಿಗೆ ಕೈಹಾಕುವ ಮುನ್ನ ಈ ಅಗ್ಗದ ಬಳೆಯನ್ನು ನೋಡಿ.

ತಪ್ಪು ಕಲ್ಪನೆ: ಸ್ವಲ್ಪ ಸ್ಪ್ರೇ ಹೊಡೆದರೆ ಸರಿಹೋಗುತ್ತದೆ

ಎರಡು ದಿನ ಸದ್ದು ಅಡಗುತ್ತದೆ, ನಿಜ. ಈ ಬೇರಿಂಗುಗಳು ಬಹುಮಟ್ಟಿಗೆ ಮುಚ್ಚಿದ ಬಗೆಯವು. ತೆಳು ಎಣ್ಣೆ ಒಳಗೆ ಇಳಿದರೆ ಅಳಿದುಳಿದ ಗ್ರೀಸನ್ನೂ ಕರಗಿಸಿಕೊಂಡು ಬರುತ್ತದೆ, ಆಮೇಲೆ ಧೂಳಿಗೆ ಒಳ್ಳೆಯ ಅಂಟಾಗುತ್ತದೆ. ಬೇರಿಂಗಿನ ಗುಂಡುಗಳು ಸವೆದ ಮೇಲೆ ಯಾವ ಸ್ಪ್ರೇಯೂ ಲೋಹವನ್ನು ಮರಳಿ ತುಂಬುವುದಿಲ್ಲ.

ತಪ್ಪು ಕಲ್ಪನೆ: ಬಿಚ್ಚಿ ಕೈಯಲ್ಲಿ ತಿರುಗಿಸಿದೆ, ನುಣ್ಣಗಿದೆ, ಇದು ಚೆನ್ನಾಗಿಯೇ ಇದೆ

ಕೈಯಲ್ಲಿ ಹಿಡಿದಾಗ ಅದರ ಮೇಲೆ ಭಾರವೇ ಇಲ್ಲ. ಮೇಜಿನ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ತಿರುಗಿಸಿ ನೋಡಿ, ಆಗ ಮರಳು ಅರೆದಂತೆ ಕರಕರ ಎನ್ನುತ್ತದೆ. ಇನ್ನೊಂದು ಬಗೆಯ ಸವೆತವೂ ಉಂಟು. ಕಾರು ಬಹುಪಾಲು ನೇರಕ್ಕೇ ಓಡುತ್ತದೆ; ಹಳ್ಳ, ಹಂಪುಗಳ ಪೆಟ್ಟೆಲ್ಲ ಅದೇ ಸ್ಥಾನದಲ್ಲಿ ಬಿದ್ದು ಗುಂಡುಗಳು ತಾವು ಉರುಳುವ ಹಳಿಯಲ್ಲಿ ಸಣ್ಣ ಕುಳಿ ಮಾಡಿಕೊಳ್ಳುತ್ತವೆ. ಹಳೆಯ ಬೈಕಿನ ಕೋನ್‌ಸೆಟ್ ಹೋದಾಗ ಹ್ಯಾಂಡಲ್ ನಡುವೆ ಕಚ್ಚಿಕೊಳ್ಳುವುದಿಲ್ಲವೇ, ಹಾಗೆ.

ತಪ್ಪು ಕಲ್ಪನೆ: ಮೇಲಿನ ನಡುವಿನ ನಟ್ ಬಿಚ್ಚಿದರೆ ಬೇರಿಂಗ್ ಕೈಗೆ ಬರುತ್ತದೆ

ಈ ಬರಹದ ಉಳಿದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಬೋನೆಟ್ ಎತ್ತಿದರೆ ಹಲವು ಕಾರುಗಳಲ್ಲಿ ಸ್ಟ್ರಟ್ ಗುಮ್ಮಟದ ಮೇಲೆ ಸುತ್ತ ಎರಡು ಮೂರು ಸಣ್ಣ ನಟ್, ನಡುವೆ ಒಂದು ದೊಡ್ಡ ನಟ್ ಕಾಣುತ್ತದೆ. ಸುತ್ತಲಿನವು ಕಂಬವನ್ನು ಗಾಡಿಗೆ ಹಿಡಿದಿಟ್ಟಿವೆ. ನಡುವಿನದು ಒತ್ತಿಟ್ಟ ಸ್ಪ್ರಿಂಗನ್ನು ಹಿಡಿದಿಟ್ಟಿದೆ. ಸುಮಾರು 900 ಕಿಲೋ ತೂಗುವ ಸಣ್ಣ ಕಾರಿನಲ್ಲಿ ನಿಂತ ಗಾಡಿಯ ಮುಂದಿನ ಒಂದೊಂದು ಸ್ಪ್ರಿಂಗ್ ಹೊರುವುದು 200 ಕಿಲೋಗೂ ಮೇಲೆ. ಜಾಕಿ ಏರಿಸಿ ಸ್ಟ್ರಟ್ ಹೊರತೆಗೆದ ಮೇಲೂ ಆ ಒತ್ತಡ ಪೂರ್ತಿ ಇಳಿದಿರುವುದಿಲ್ಲ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಕಟ್ಟದೆ ನಡುವಿನ ನಟ್ ಬಿಚ್ಚಿದರೆ ತಟ್ಟೆ, ಮೌಂಟಿಂಗ್ ಎಲ್ಲವೂ ಮುಖಕ್ಕೆ ಹಾರುತ್ತವೆ. ಇದರಿಂದ ಪ್ರಾಣ ಹೋಗಬಹುದು.

ಕಬ್ಬಿಣದ ತಂತಿ, ಹಗ್ಗ, ಸರಪಳಿ ಕಟ್ಟಿ ಕೆಲಸ ಮುಗಿಸುವವರನ್ನು ನೀವೂ ನೋಡಿರಬಹುದು. ಅವರ ಧೈರ್ಯವನ್ನು ಎರವಲು ತರಬೇಡಿ. ಎರಡು ಕೊಕ್ಕೆಯ ಕಂಪ್ರೆಸರ್ ಬಳಸುವುದಾದರೆ ಎರಡನ್ನೂ ಸ್ಪ್ರಿಂಗಿನ ಎದುರುಬದುರು ಕೂರಿಸಿ, ಆದಷ್ಟು ಹೆಚ್ಚು ಸುರುಳಿ ಕೊಕ್ಕೆಯೊಳಗೆ ಬರಲಿ. ಕಂಪ್ರೆಸರಿನ ಬೋಲ್ಟ್ ಥ್ರೆಡ್ಡುಗಳಿಗೆ ಗ್ರೀಸ್ ಹಚ್ಚಿ, ಇದಕ್ಕೆ ಕೆಲವು ಸುತ್ತು ಅದಕ್ಕೆ ಕೆಲವು ಸುತ್ತು ಎಂದು ಕೈಯಿಂದಲೇ ಬಿಗಿಸಿ. ಇಂಪ್ಯಾಕ್ಟ್ ಗನ್ ಬೇಡ. ಸ್ಪ್ರಿಂಗ್ ತಟ್ಟೆ ಬಿಟ್ಟು ತುಸು ಅಲ್ಲಾಡಿದರೆ ಸಾಕು, ಅಲ್ಲಿಗೇ ನಿಲ್ಲಿಸಿ. ಸ್ಟ್ರಟ್ಟಿನ ಎರಡೂ ತುದಿಗಳ ನೇರಕ್ಕೆ ತಲೆ ಇರದಿರಲಿ.

ಇದಕ್ಕಿಂತ ಒಳ್ಳೆಯ ದಾರಿ ಇದೆ, ನನ್ನ ಮತವೂ ಅದಕ್ಕೇ. ಸ್ಟ್ರಟ್ಟನ್ನು ಮನೆಯಲ್ಲಿ ಇಡಿಯಾಗಿ ಬಿಚ್ಚಿ, ಗೋಡೆಗೋ ನೆಲಕ್ಕೋ ಬಿಗಿದ ಸ್ಪ್ರಿಂಗ್ ಪ್ರೆಸ್ ಇರುವ ಗ್ಯಾರೇಜಿಗೆ ಒಯ್ದು ಬೇರಿಂಗ್ ಬದಲಿಸಿಕೊಂಡು ತನ್ನಿ. ಕೂಲಿ ಉಳಿಯುವ ಕೆಲಸವೆಲ್ಲ ನಿಮ್ಮದಾಗುತ್ತದೆ, ಅಪಾಯದ ಹತ್ತು ನಿಮಿಷ ಮಾತ್ರ ಯಂತ್ರದ್ದು.

ತಪ್ಪು ಕಲ್ಪನೆ: ಗಾಡಿಯ ಜೊತೆ ಬಂದ ಜಾಕಿ ಸಾಕು

ಅದು ಸ್ಟೆಪ್ನಿ ಬದಲಿಸಲು ಕೊಟ್ಟದ್ದು. ಎತ್ತಿದ ಮೇಲೆ ಸ್ಟ್ಯಾಂಡ್ ಇಡದೆ ಕೆಲಸಕ್ಕೆ ಕೂರಬೇಡಿ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರನ್ನು ಸ್ಟ್ರಟ್ಟಿನ ಕ್ಲಿಪ್ಪಿನಿಂದ ಮೊದಲೇ ಬಿಡಿಸಿ. ಕೆಳಗಿನ ಎರಡು ದಪ್ಪ ಬೋಲ್ಟ್ ತೆಗೆದೊಡನೆ ಹಬ್ ಹೊರಕ್ಕೆ ವಾಲುತ್ತದೆ. ಅದನ್ನು ಹಗ್ಗದಲ್ಲಿ ಕಟ್ಟಿ ನಿಲ್ಲಿಸದಿದ್ದರೆ ಹೋಸ್ ಜಗ್ಗುತ್ತದೆ, ಆಕ್ಸಲಿನ ಒಳ ಜಾಯಿಂಟ್ ಕಳಚಿಕೊಳ್ಳಲೂಬಹುದು.

ತಪ್ಪು ಕಲ್ಪನೆ: ನಟ್ ಜೊತೆ ಶಾಕಿನ ರಾಡೂ ತಿರುಗಿದರೆ ಪ್ಲೈಯರಿನಿಂದ ಹಿಡಿದರಾಯಿತು

ಹೊಳೆಯುವ ಆ ರಾಡಿನ ಮೇಲೆ ಒಂದು ಗೀರು ಬಿದ್ದರೂ ಅದು ಮೇಲೆ ಕೆಳಗೆ ಓಡಾಡುವಾಗ ಆಯಿಲ್ ಸೀಲನ್ನು ಹರಿಯುತ್ತದೆ. ಬೇರಿಂಗ್ ಹಾಕಲು ಹೋಗಿ ಶಾಕ್ ಕೊಂಡಂತಾಗುತ್ತದೆ. ರಾಡಿನ ತುದಿಯಲ್ಲಿ ಅಲೆನ್ ಕೀ ಹಿಡಿಸುವ ಗುಳಿಯೋ ಚಪ್ಪಟೆ ಅಂಚೋ ಇರುತ್ತದೆ. ಅದು ಇದಕ್ಕೆಂದೇ ಇರುವುದು.

ತಪ್ಪು ಕಲ್ಪನೆ: ಬೇರಿಂಗನ್ನು ಹೇಗಿಟ್ಟರೂ ನಡೆಯುತ್ತದೆ

ನಡೆಯುವುದಿಲ್ಲ. ಮೇಲ್ಮುಖ ಕೆಳಮುಖ ಇದೆ. ಹಳೆಯದು ಕೂತ ಬಗೆಯನ್ನು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಸ್ಪ್ರಿಂಗಿನ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ತಾಗಿ ಕೂರಬೇಕು. ಮೌಂಟಿಂಗಿನ ರಬ್ಬರ್ ಬಿರಿದಿದ್ದರೆ, ಬಂಪ್ ಸ್ಟಾಪ್ ಪುಡಿಯಾಗಿದ್ದರೆ ಈಗಲೇ ಬದಲಿಸಿ. ಎರಡೂ ಬದಿ ಬದಲಿಸಲೇಬೇಕೆಂಬ ನಿಯಮವಿಲ್ಲ, ಆದರೆ ಅಷ್ಟೇ ಕಿಲೋಮೀಟರ್ ಓಡಿದ ಇನ್ನೊಂದೂ ಹೆಚ್ಚು ದೂರ ಬಾರದು. ಹಿಂದಿನ ಶಾಕಿಗೂ ಇದೇ ಬೇರಿಂಗ್ ಬೇಕೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಹಿಂದಿನ ಚಕ್ರ ಸ್ಟೇರಿಂಗಿಗೆ ತಿರುಗುವುದಿಲ್ಲ.

ತಪ್ಪು ಕಲ್ಪನೆ: ಬೋಲ್ಟಿಗೆ ಗುರುತು ಹಾಕಿ ಬಿಚ್ಚಿದ್ದೇನೆ, ಅಲೈನ್‌ಮೆಂಟ್ ಬೇಡ

ಗುರುತು ಹಾಕುವುದು ಒಳ್ಳೆಯ ಅಭ್ಯಾಸ. ಆದರೂ ಕೆಳಗಿನ ಬೋಲ್ಟ್ ತೂತಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಚಕ್ರದ ವಾಲು ಬದಲಾಗುತ್ತದೆ, ಜೊತೆಗೆ ಟೋ ಕೂಡ, ಅಂದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಬೋಲ್ಟುಗಳನ್ನು ನಿಮ್ಮ ಮಾದರಿಯ ಮ್ಯಾನ್ಯುಯಲ್ ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಸಿ, ನಿಧಾನಕ್ಕೆ ಓಡಿಸಿಕೊಂಡು ಅಲೈನ್‌ಮೆಂಟ್ ಅಂಗಡಿಗೆ ಹೋಗಿ. ಅಲ್ಲಿಂದ ಹೊರಡುವ ಮುನ್ನ ಚಕ್ರದ ನಟ್‌ಗಳ ಬಿಗಿತವನ್ನು ಇನ್ನೊಮ್ಮೆ ನೋಡಿಕೊಳ್ಳಿ.